ಮನೆಯಲ್ಲೇ ಕಟ್ಟಬಹುದಾದ ಪ್ರವಾಸದ ಬಂಡಿ

ಮನೆಯಿಂದ ಹೊರಗೆ ಹೋಗಬೇಕು, ಆದರೆ ಮನೆಯ ಸುಖವನ್ನು ಬಿಟ್ಟು ಹೋಗಬಾರದು. ಇದು ಮಾನವನ ಬಹು ಹಳೆಯ ಆಸೆ. ನಮ್ಮ ಹಿರಿಯರು ಜಾತ್ರೆಗೋ ಮದುವೆಗೋ ಕಮಾನು ಗಾಡಿ ಕಟ್ಟಿಕೊಂಡು ಹೊರಟಾಗ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹರಡಿ, ಬುತ್ತಿಯ ಗಂಟನ್ನು ಮಗ್ಗುಲಲ್ಲಿಟ್ಟುಕೊಂಡು, ರಾತ್ರಿಯ ದಾರಿಯನ್ನು ನಿದ್ದೆಯಲ್ಲಿಯೇ ಸವೆಸುತ್ತಿದ್ದರು. ಮೋಟಾರಿನ ಯುಗದಲ್ಲಿ ಇದೇ ಆಸೆ ಬೇರೊಂದು ರೂಪವನ್ನು ತಳೆಯಿತು. ಕಾರಿನ ಹಿಂದೆ ಕೊಂಡಿ ಹಾಕಿ ಎಳೆಯುವ, ಒಳಗೆ ಮಲಗಲು ಅನುಕೂಲವಿರುವ ಎರಡು ಗಾಲಿಯ ಪುಟ್ಟ ಬಂಡಿಗೆ ಕ್ಯಾಂಪಿಂಗ್ ಟ್ರೈಲರ್ ಎಂದು ಹೆಸರು. ಇದನ್ನು ಕಾರ್ಖಾನೆಯಿಂದ ಕೊಳ್ಳದೆ ಸ್ವಂತ ಕೈಯಿಂದ ಅಲ್ಪ ವೆಚ್ಚದಲ್ಲಿ ಕಟ್ಟುವುದು ಹೇಗೆ, ಎಲ್ಲಿ ಹಣವನ್ನು ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಹುಟ್ಟು ಮತ್ತು ಬೆಳವಣಿಗೆ

ಮನೆಯಲ್ಲಿ ಕಟ್ಟುವ ಬಂಡಿಯು ಜನಪ್ರಿಯವಾದುದು ಅಮೆರಿಕದಲ್ಲಿ. 1929ರಲ್ಲಿ ಡೆಟ್ರಾಯಿಟ್ ನಗರದ ಆರ್ಥರ್ ಷರ್ಮನ್ ಎಂಬ ಬ್ಯಾಕ್ಟೀರಿಯಾ ಶಾಸ್ತ್ರಜ್ಞನು ತನ್ನ ಕುಟುಂಬದ ಪ್ರವಾಸಕ್ಕೆಂದು ಡೇರೆಯಂತೆ ಬಿಚ್ಚಿ ನಿಲ್ಲಿಸುವ ಒಂದು ಟ್ರೈಲರನ್ನು ಕೊಂಡನು. ಮಳೆಯಲ್ಲಿ ಅದನ್ನು ಬಿಚ್ಚಿ ನಿಲ್ಲಿಸುವುದು ಸುಲಭವಾಗಿರಲಿಲ್ಲ. ಆಗ ಆತನು ಗಟ್ಟಿಯಾದ ಗೋಡೆಗಳುಳ್ಳ ಸರಳವಾದ ಬಂಡಿಯೊಂದನ್ನು ತಾನೇ ಯೋಚಿಸಿ ಮಾಡಿಸಿದನು. ಅದನ್ನು ಕಂಡವರೆಲ್ಲರೂ ತಮಗೂ ಅಂಥದು ಬೇಕೆಂದರು. ಹೀಗೆ ಒಬ್ಬನ ಮನೆಯ ಅಗತ್ಯದಿಂದ ಹುಟ್ಟಿದ 'ಕವರ್ಡ್ ವ್ಯಾಗನ್' ಕಂಪನಿಯು 1930ರ ದಶಕದಲ್ಲಿ ಆ ದೇಶದ ದೊಡ್ಡ ಟ್ರೈಲರು ತಯಾರಕ ಸಂಸ್ಥೆಯಾಯಿತು. ಲಾಸ್ ಏಂಜಲಿಸಿನಲ್ಲಿ ಇದೇ ಕಾಲಕ್ಕೆ ವಾಲಿ ಬಯಾಮ್ ಎಂಬಾತನು ಮನೆಯಲ್ಲಿ ಕಟ್ಟುವವರಿಗಾಗಿ ಬಂಡಿಯ ನಕ್ಷೆಗಳನ್ನು ಮಾರುತ್ತಿದ್ದನು. ಇಂದಿಗೂ ಪ್ರಸಿದ್ಧವಾದ ಏರ್‌ಸ್ಟ್ರೀಮ್ ಸಂಸ್ಥೆಯು 1931ರಲ್ಲಿ ಆರಂಭವಾದುದು ಈತನಿಂದಲೇ.

ಅದು ಮಹಾ ಆರ್ಥಿಕ ಕುಸಿತದ ಕಾಲ. ಹೋಟಲಿನ ಬಾಡಿಗೆಯನ್ನು ಕೊಡಲಾರದವನಿಗೂ ರಜೆಯ ನಾಲ್ಕು ದಿನ ಹೊರಗೆ ಕಳೆಯುವ ಆಸೆ ಇರುವುದು ಸಹಜ. ಕುಶಲ ಕೈಗಾರಿಕೆಯ ಪತ್ರಿಕೆಗಳು ನಕ್ಷೆಗಳನ್ನು ಪ್ರಕಟಿಸಿದುವು; ಓದುಗರು ಹಿತ್ತಲಲ್ಲಿ ಗರಗಸ ಹಿಡಿದರು. ಆಗ ರೂಪುಗೊಂಡ ಒಂದು ಮಾದರಿಗೆ, ಮುಂದೆ ದುಂಡಗೆ, ಹಿಂದೆ ಇಳಿಜಾರಾಗಿ ಕಾಣುವುದರಿಂದ, 'ಕಣ್ಣೀರ ಹನಿ' ಎಂಬ ಅರ್ಥದ ಟಿಯರ್‌ಡ್ರಾಪ್ ಎಂಬ ಹೆಸರು ಬಂದಿತು. ಹೆಸರಿನಲ್ಲಿ ಕಣ್ಣೀರಿದ್ದರೂ ಅದು ತಂದುದು ಸಂತೋಷವನ್ನೇ. 1945ರಲ್ಲಿ ಯುದ್ಧವು ಮುಗಿದ ಮೇಲೆ ಅಲ್ಯೂಮಿನಿಯಮ್ ತಗಡು ಹೇರಳವಾಗಿ ದೊರೆಯತೊಡಗಿದುದರಿಂದ ಈ ಮಾದರಿಯು ಇನ್ನಷ್ಟು ಹರಡಿತು. ನಾವು ಇಲ್ಲಿ ಅಭ್ಯಾಸ ಮಾಡುವುದೂ ಇದನ್ನೇ.

ಹಾಳೆಯೇ ಅಳತೆಗೋಲು

ಈ ಬಂಡಿಯು ಅಗ್ಗವಾಗಲು ಮುಖ್ಯ ಕಾರಣವೇನು? ಅದರ ಅಳತೆಯನ್ನು ನಿರ್ಧರಿಸುವುದು ಮಾಲೀಕನ ಆಸೆಯಲ್ಲ, ಅಂಗಡಿಯಲ್ಲಿ ಸಿಗುವ ಪ್ಲೈವುಡ್ ಹಾಳೆ. ಆ ಹಾಳೆಯು 8 ಅಡಿ ಉದ್ದ, 4 ಅಡಿ ಅಗಲ. ಬಂಡಿಯ ನೆಲಕ್ಕೆ ಒಂದು ಹಾಳೆ. ಎರಡು ಪಕ್ಕದ ಗೋಡೆಗಳಿಗೆ ಎರಡು. ಒಳಗಿನ ಅಡ್ಡಗೋಡೆಗೂ ಗೂಡುಗಳಿಗೂ ಒಂದು. ಮುಂಭಾಗದ ಬುಡದಿಂದ ಹೊರಟು, ನೆತ್ತಿಯನ್ನು ಹಾದು, ಹಿಂಭಾಗದ ಬುಡದವರೆಗಿನ ಕಮಾನಿನ ಉದ್ದವು ಸುಮಾರು ಹದಿಮೂರೂವರೆ ಅಡಿಯಾಗುವುದರಿಂದ ಮಾಡಿಗೆ ತೆಳುವಾದ ಎರಡು ಹಾಳೆ. ಒಟ್ಟು ಆರು ಹಾಳೆಗಳಲ್ಲಿ ಮರದ ಕೆಲಸದ ಬಹುಭಾಗ ಮುಗಿಯುತ್ತದೆ. ಅಗಲವನ್ನು 5 ಅಡಿ ಮಾಡಿದರೆ ಇಬ್ಬರಿಗೆ ಹೆಚ್ಚು ಅನುಕೂಲವೇನೋ ನಿಜ. ಆದರೆ ಆಗ ನೆಲಕ್ಕೂ ಮಾಡಿಗೂ ಹಾಳೆಗಳನ್ನು ಜೋಡಿಸಬೇಕಾಗಿ, ತುಂಡುಗಳು ವ್ಯರ್ಥವಾಗಿ, ವೆಚ್ಚವೂ ಭಾರವೂ ಏರುತ್ತವೆ.

ನೆಲಕ್ಕೂ ಗೋಡೆಗಳಿಗೂ 12 ಮಿಲಿಮೀಟರು ದಪ್ಪದ, ನೀರಿಗೆ ಪದರ ಬಿಡದ ಜಾತಿಯ ಪ್ಲೈವುಡ್ ಸಾಕು. ಇಂತಹ ಒಂದು ಹಾಳೆ ಸುಮಾರು 21 ಕಿಲೋಗ್ರಾಂ ತೂಗುತ್ತದೆ. ಒಳಗಿನ ಗೂಡುಗಳಿಗೆ 9 ಮಿಲಿಮೀಟರು, ಮಾಡಿಗೆ 3 ಮಿಲಿಮೀಟರು ದಪ್ಪದ್ದು. ಮೊದಲು ಒಂದು ಗೋಡೆಯ ಆಕಾರವನ್ನು ಬರೆದು ಕೊಯ್ದು, ಅದನ್ನೇ ಎರಡನೆಯ ಹಾಳೆಯ ಮೇಲಿಟ್ಟು ಕೊಯ್ಯಬೇಕು. ಎರಡು ಗೋಡೆಗಳೂ ಒಂದೇ ಆಕಾರದಲ್ಲಿಲ್ಲದಿದ್ದರೆ ಮಾಡು ಸೊಟ್ಟಗಾಗುವುದು ಖಂಡಿತ. ಗೋಡೆಗಳ ನಡುವೆ ಅಡಿಗೊಂದರಂತೆ ಮರದ ಅಡ್ಡಪಟ್ಟಿಗಳನ್ನು ಅಂಟು ಹಚ್ಚಿ ತಿರುಪು ಮೊಳೆಯಿಂದ ಬಿಗಿದು, ಅವುಗಳ ಮೇಲೆ ತೆಳು ಹಾಳೆಗೆ ನೀರು ಸವರಿ ನಿಧಾನವಾಗಿ ಬಗ್ಗಿಸಬೇಕು. ಹಾಳೆ ಒಣಗಿದ ಮೇಲೆ ಅಂಟು ಹಚ್ಚಿ ಬಿಗಿದು, ಅಲ್ಯೂಮಿನಿಯಮ್ ತಗಡನ್ನು ಹೊದಿಸಿದರೆ ಮಳೆಯ ಭಯವಿಲ್ಲ. ಹಾಳೆಯ ಅಂಚುಗಳೇ ನೀರು ಕುಡಿಯುವ ಬಾಯಿಗಳಾದ್ದರಿಂದ ಅವುಗಳಿಗೆ ಬಣ್ಣವನ್ನು ಎರಡು ಮೂರು ಸಲ ಹಚ್ಚತಕ್ಕದ್ದು.

ಮುಂದಿನಿಂದ ಆರೂಕಾಲು ಅಡಿ ಮಲಗುವ ಭಾಗ. ಉಳಿದ ಒಂದೂಮುಕ್ಕಾಲು ಅಡಿಯು ಅಡಿಗೆಯ ಗೂಡು. ಹಿಂದಿನ ಬಾಗಿಲನ್ನು ಮೇಲಕ್ಕೆತ್ತಿದರೆ ಅದೇ ಚಪ್ಪರವಾಗುತ್ತದೆ; ಅದರ ನೆರಳಿನಲ್ಲಿ ನಿಂತು ಅಡಿಗೆ ಮಾಡಬಹುದು. ಒಳಗೆ ಕೂಡಬಹುದು, ಮಲಗಬಹುದು, ನಿಲ್ಲಲಾಗದು. ನಿಲ್ಲುವುದಕ್ಕೆ ಹೊರಗೆ ಇಡೀ ಪ್ರಪಂಚವೇ ಇದೆಯಲ್ಲವೇ?

ಭಾರದ ಲೆಕ್ಕ

ಕಲಾ ವಿಭಾಗದವರಾದ ನಮಗೆ ಲೆಕ್ಕವೆಂದರೆ ಸ್ವಲ್ಪ ದೂರ. ಆದರೆ ಈ ಬಂಡಿಯ ಪ್ರಾಣವಿರುವುದು ಮರಗೆಲಸದಲ್ಲಲ್ಲ, ಒಂದು ಸಣ್ಣ ಲೆಕ್ಕದಲ್ಲಿ. ನಮ್ಮ ಹಳ್ಳಿಯ ಗಾಡಿ ಹೊಡೆಯುವವನಿಗೆ ಅದು ಪುಸ್ತಕವಿಲ್ಲದೆಯೇ ಗೊತ್ತು. ಎರಡು ಗಾಲಿಯ ಗಾಡಿಗೆ ಮೂಟೆ ಹೇರುವಾಗ ಆತನು ಮೂಕಿಯನ್ನು ಎತ್ತಿ ನೋಡುತ್ತಾನೆ. ಹಿಂಭಾರವಾದರೆ ನೊಗವು ಮೇಲೆದ್ದು ಕಣ್ಣಿಯು ಎತ್ತಿನ ಕೊರಳನ್ನು ಬಿಗಿಯುತ್ತದೆ. ಮುಂಭಾರ ಅತಿಯಾದರೆ ಹೆಗಲು ಹುಣ್ಣಾಗುತ್ತದೆ. ಆದ್ದರಿಂದ ಒಂದು ಮೂಟೆಯನ್ನು ಹಿಂದಕ್ಕೋ ಮುಂದಕ್ಕೋ ಸರಿಸಿ, ಸ್ವಲ್ಪವೇ ಮುಂಭಾರ ಉಳಿಯುವಂತೆ ಮಾಡುತ್ತಾನೆ.

ಟ್ರೈಲರಿಗೂ ಇದೇ ನ್ಯಾಯ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಭಾರವು ಕಾರಿನ ಕೊಂಡಿಯ ಮೇಲೆ ಬೀಳಬೇಕೆಂಬುದು ಸಾಮಾನ್ಯ ನಿಯಮ. ಚೌಕಟ್ಟು, ಗಾಲಿ, ಹಾಸಿಗೆ, ನೀರು, ಸಾಮಾನುಗಳೆಲ್ಲ ಸೇರಿ ನಮ್ಮ ಬಂಡಿ 300 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಮೂಕಿಯ ಉದ್ದ 3 ಅಡಿ. ಅಚ್ಚು ಇರುವುದು ಪೆಟ್ಟಿಗೆಯ ಮುಂಭಾಗದಿಂದ 5 ಅಡಿ ಹಿಂದೆ. ಎಂದರೆ ಕೊಂಡಿಯಿಂದ ಅಚ್ಚಿಗೆ 8 ಅಡಿ, ಅಥವಾ 96 ಅಂಗುಲ. ಭಾರದ ಕೇಂದ್ರವು ಪೆಟ್ಟಿಗೆಯ ನಡುವೆ, ಅಂದರೆ ಅಚ್ಚಿಗಿಂತ 12 ಅಂಗುಲ ಮುಂದಿದ್ದರೆ, ಕೊಂಡಿಯ ಮೇಲಿನ ಭಾರವು 300ನ್ನು 12ರಿಂದ ಗುಣಿಸಿ 96ರಿಂದ ಭಾಗಿಸಿದಷ್ಟು, ಎಂದರೆ ಮೂವತ್ತೇಳೂವರೆ ಕಿಲೋಗ್ರಾಂ. ಇದು ನೂರಕ್ಕೆ ಹನ್ನೆರಡೂವರೆ, ಸರಿಯಾಗಿದೆ.

ಈಗ ಬಂಡಿಯ ನಡುವೆ ಇದ್ದ 40 ಕಿಲೋಗ್ರಾಂ ನೀರನ್ನೂ ದಿನಸಿಯನ್ನೂ ಹಿಂದಿನ ಅಡಿಗೆಯ ಗೂಡಿಗೆ, ಅಚ್ಚಿಗಿಂತ 30 ಅಂಗುಲ ಹಿಂದಕ್ಕೆ, ಸಾಗಿಸಿದೆವೆನ್ನೋಣ. ಭಾರವು 42 ಅಂಗುಲ ಸರಿದಂತಾಯಿತು. 40ನ್ನು 42ರಿಂದ ಗುಣಿಸಿ 96ರಿಂದ ಭಾಗಿಸಿದರೆ ಹದಿನೇಳೂವರೆ. ಅಷ್ಟು ಭಾರ ಕೊಂಡಿಯಿಂದ ಮಾಯವಾಗಿ 20 ಕಿಲೋಗ್ರಾಂ ಮಾತ್ರ ಉಳಿಯುತ್ತದೆ. ನೂರಕ್ಕೆ ಏಳೂ ಇಲ್ಲ. ತೂಕ ಒಂದು ಗುಲಗಂಜಿಯೂ ಹೆಚ್ಚಲಿಲ್ಲ, ಆದರೂ ಬಂಡಿ ಅಪಾಯಕಾರಿಯಾಯಿತು!

ಅಪಾಯವೇನೆಂದರೆ, ಹಿಂಭಾರದ ಟ್ರೈಲರು ಒಂದು ವೇಗವನ್ನು ಮೀರಿದೊಡನೆ ಹಾವಿನಂತೆ ಅತ್ತಿತ್ತ ಹೊಯ್ದಾಡತೊಡಗುತ್ತದೆ. ಗಾಳಿಯ ಒಂದು ಬಡಿತದಿಂದಲೋ ಲಾರಿಯೊಂದು ಪಕ್ಕದಲ್ಲಿ ಹಾದುದರಿಂದಲೋ ಹುಟ್ಟಿದ ಸಣ್ಣ ತೂಗಾಟವು ತಾನಾಗಿ ಅಡಗುವುದರ ಬದಲು ಪ್ರತಿಸಲವೂ ದೊಡ್ಡದಾಗುತ್ತ ಹೋಗಿ, ಕೊನೆಗೆ ಕಾರನ್ನೇ ಉರುಳಿಸಬಲ್ಲದು. ಎತ್ತು ತನ್ನ ಸಂಕಟವನ್ನು ಮನೆಯ ಮುಂದೆಯೇ ತಿಳಿಸುತ್ತದೆ. ಕಾರು ಮಾತ್ರ ವೇಗ ಏರುವವರೆಗೆ ಸುಮ್ಮನಿದ್ದು, ಆಮೇಲೆ ಒಮ್ಮೆಗೇ ಹೇಳುತ್ತದೆ. ಆಗ ಸ್ಟೀರಿಂಗನ್ನು ಜಗ್ಗಾಡದೆ, ಬ್ರೇಕನ್ನು ಬಲವಾಗಿ ಒತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗವನ್ನು ತಗ್ಗಿಸಬೇಕು. ಕೊಂಡಿಯ ಭಾರ ಅತಿಯಾದರೂ ಕ್ಷೇಮವಲ್ಲ. ಕಾರಿನ ಹಿಂಭಾಗ ಕುಸಿದು ಮುಂದಿನ ಗಾಲಿಗಳ ಹಿಡಿತ ಸಡಿಲವಾಗುತ್ತದೆ.

ಈ ಭಾರವನ್ನು ಅಳೆಯಲು ದೊಡ್ಡ ಯಂತ್ರ ಬೇಡ. ಸಾಮಾನುಗಳನ್ನೆಲ್ಲ ತುಂಬಿ, ಬಂಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮನುಷ್ಯರ ತೂಕ ನೋಡುವ ಯಂತ್ರದ ಮೇಲೊಂದು ಮರದ ದಿಮ್ಮಿಯನ್ನಿಟ್ಟು, ಮೂಕಿಯ ತುದಿಯನ್ನು ಕಾರಿನ ಕೊಂಡಿಯ ಎತ್ತರದಲ್ಲಿ ಅದರ ಮೇಲಿರಿಸಿದರೆ ಉತ್ತರ ಸಿಗುತ್ತದೆ. ದಿಮ್ಮಿಯ ತೂಕವನ್ನು ಕಳೆಯುವುದನ್ನು ಮಾತ್ರ ಮರೆಯಬಾರದು. ಅಚ್ಚನ್ನು ಚೌಕಟ್ಟಿಗೆ ವೆಲ್ಡಿಂಗ್ ಮಾಡದೆ ಬೋಲ್ಟುಗಳಿಂದ ಬಿಗಿದಿದ್ದರೆ, ಲೆಕ್ಕ ತಪ್ಪಿದಾಗ ಅದನ್ನು ಸರಿಸಲೂಬಹುದು.

ಉಳಿತಾಯದ ಎಲ್ಲೆ

ಮಲಗುವ ಕೋಣೆಯಲ್ಲಿ ಇರುವ ಗಾಳಿಯು ಸುಮಾರು 2,500 ಲೀಟರು. ನಿದ್ರಿಸುವ ಇಬ್ಬರು ಗಂಟೆಗೆ ಸುಮಾರು 25 ಲೀಟರು ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತಾರೆ. ಎಲ್ಲವನ್ನೂ ಬಿಗಿಯಾಗಿ ಮುಚ್ಚಿದರೆ ಅದು ಗಂಟೆಗೆ ನೂರಕ್ಕೆ ಒಂದರಂತೆ ಏರುತ್ತದೆ. ಆದಕಾರಣ ಕೆಳಗೊಂದು, ಮೇಲೊಂದು, ಎಂದೂ ಮುಚ್ಚಲಾಗದ ಗಾಳಿಕಂಡಿ ಇರಲೇಬೇಕು. ಒಲೆಯನ್ನಂತೂ ಒಳಗೆ ಹಚ್ಚಲೇಕೂಡದು. ಅದರಿಂದ ಹೊರಡುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವನನ್ನು ಏಳಗೊಡುವುದಿಲ್ಲ.

ಹಾಸಿಗೆ, ಪರದೆ, ಗೂಡು, ಬಣ್ಣ ಇವುಗಳಲ್ಲಿ ಎಷ್ಟು ಬೇಕಾದರೂ ಉಳಿಸಬಹುದು. ಹಳೆಯ ಬಾಗಿಲಿನ ಕೀಲು, ಹಳೆಯ ಕಿಟಕಿಯ ಗಾಜು ಎಲ್ಲವೂ ಸಲ್ಲುತ್ತವೆ. ಆದರೆ ಕೊಂಡಿ, ಅಚ್ಚು, ಟಯರು, ಮೂಕಿಯ ವೆಲ್ಡಿಂಗ್, ಹಿಂದಿನ ದೀಪ ಇವುಗಳಲ್ಲಿ ಉಳಿಸಿದ ಒಂದು ರೂಪಾಯಿಯೂ ಸಾಲವೇ ಸರಿ; ಅದನ್ನು ತೀರಿಸುವವನು ಹಿಂದೆ ಬರುವ ಸೈಕಲ್ ಸವಾರನೂ ಆಗಬಹುದು. ಕೊಂಡಿ ಕಳಚಿದರೂ ಬಂಡಿ ಬಿಟ್ಟುಹೋಗದಂತೆ ಮೂಕಿಯ ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯಾಕಾರದಲ್ಲಿ ಕಟ್ಟುವ ಪದ್ಧತಿಯಿದೆ. ಕಾರು ಎಷ್ಟು ತೂಕವನ್ನು ಎಳೆಯಬಲ್ಲದೆಂಬುದನ್ನು ಅದರ ಕೈಪಿಡಿಯಲ್ಲಿ ಮೊದಲೇ ನೋಡಬೇಕು. ನಮ್ಮ ದೇಶದ 1988ರ ಮೋಟಾರು ವಾಹನಗಳ ಕಾಯಿದೆಯ ದೃಷ್ಟಿಯಲ್ಲಿ ಟ್ರೈಲರೂ ಒಂದು ಮೋಟಾರು ವಾಹನವೇ. ಅದಕ್ಕೆ ನೋಂದಣಿ ಬೇಕು. ಆದ್ದರಿಂದ ಇಲ್ಲಿ ಕಟ್ಟಬಯಸುವವರು ಗರಗಸ ಹಿಡಿಯುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಅಲ್ಪ ವೆಚ್ಚವೆಂದರೆ ಅಲ್ಪ ವಿಚಾರವೆಂದು ಅರ್ಥವಲ್ಲ. ಹಣವುಳ್ಳವನು ತನ್ನ ಯೋಚನೆಯನ್ನು ಕಾರ್ಖಾನೆಯವರಿಗೆ ಒಪ್ಪಿಸಿ ನಿಶ್ಚಿಂತನಾಗಿರಬಹುದು. ತಾನೇ ಕಟ್ಟುವವನು ಆ ಯೋಚನೆಯನ್ನು ತಾನೇ ಮಾಡಬೇಕು. ಆರು ಹಾಳೆ ಪ್ಲೈವುಡ್, ಒಂದು ಅಚ್ಚು, ತ್ರೈರಾಶಿಯಷ್ಟು ಗಣಿತ ಇವಿಷ್ಟೇ ಅವನ ಬಂಡವಾಳ. ಇವುಗಳಲ್ಲಿ ಎಲ್ಲಕ್ಕಿಂತ ಅಗ್ಗವಾದುದು ಗಣಿತ, ಬಿಟ್ಟರೆ ಎಲ್ಲಕ್ಕಿಂತ ದುಬಾರಿಯಾಗುವುದೂ ಅದೇ.