ಕರೆಂಟಿನಿಂದ ಶುರು ಮಾಡಿ, ಪ್ರೊಸೆಸರ್ ಆಮೇಲೆ
ಕೊಡಗಿನ ಮನೆಯಲ್ಲೊಂದು ವರ್ಚುವಲ್ ಲ್ಯಾಬ್: ಯಂತ್ರ ಆರಿಸುವ ಕ್ರಮ

ಕಂಪ್ಯೂಟರ್ ಅಂಗಡಿಗೆ ಕಾಲಿಟ್ಟ ಕೂಡಲೇ ಎದುರಾಗುವ ಪ್ರಶ್ನೆ ‘ಯಾವ ಪ್ರೊಸೆಸರ್ ಬೇಕು?’. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆಯ ಮನೆಗೆ ಯಂತ್ರ ಒಯ್ಯುವವರು ಅದಕ್ಕೂ ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಕಕ್ಕಡ ಮಾಸದ ಮಳೆಗೆ ತೋಟದ ಸಿಲ್ವರ್ ಓಕ್ ಲೈನಿನ ಮೇಲೆ ಬಿದ್ದು ಎರಡು ದಿನ ಕರೆಂಟ್ ಹೋದರೆ ಇದರ ಗತಿಯೇನು?

ವರ್ಚುವಲ್ ಲ್ಯಾಬ್ ಎಂದರೆ ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರ್‌ಗಳನ್ನು ನಡೆಸುವ ವ್ಯವಸ್ಥೆ. ಒಂದರಲ್ಲಿ ವಿಂಡೋಸ್ ಸರ್ವರ್, ಇನ್ನೊಂದರಲ್ಲಿ ಲಿನಕ್ಸ್, ಮತ್ತೊಂದರಲ್ಲಿ ಫೈರ್‌ವಾಲ್. ಕೆಡಿಸಿದರೂ ನಷ್ಟವಿಲ್ಲ, ಮೊದಲೇ ಸ್ನ್ಯಾಪ್‌ಶಾಟ್ ತೆಗೆದಿಟ್ಟಿದ್ದರೆ ನಿಮಿಷದಲ್ಲಿ ಹಿಂದಿನ ಸ್ಥಿತಿಗೆ ಮರಳಬಹುದು. ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಮನೆಯಿಂದಲೇ ಐಟಿ ಕೆಲಸ ಮಾಡುವವರಿಗೂ ಕ್ಲೌಡ್, ನೆಟ್‌ವರ್ಕ್, ಸೈಬರ್ ಭದ್ರತೆ ಕಲಿಯಲು ಇದಕ್ಕಿಂತ ಅಗ್ಗದ ದಾರಿಯಿಲ್ಲ.

ಏನನ್ನೂ ಕೊಳ್ಳುವ ಮೊದಲು ಈಗಿರುವ ಲ್ಯಾಪ್‌ಟಾಪಿನಲ್ಲಿ ಉಚಿತ ವರ್ಚುವಲ್‌ಬಾಕ್ಸ್ ಹಾಕಿ ತಿಂಗಳು ಕಲಿಯಿರಿ. ಅದು ಸಾಲದಾದಾಗ ಮುಂದಿನ ಹಂತಗಳಿಗೆ ಬನ್ನಿ.

ಹಂತ 1: ಯೂನಿಟ್ ಲೆಕ್ಕ

ಲ್ಯಾಬ್ ಹಗಲು ರಾತ್ರಿ ಓಡುವಂಥದ್ದು. ಕಚೇರಿಗಳಿಂದ ಹೊರಬಿದ್ದ ಹಳೆಯ ರ‍್ಯಾಕ್ ಸರ್ವರ್‌ಗಳು ಅಗ್ಗಕ್ಕೆ ಸಿಗುತ್ತವೆ. ಅಂಥದ್ದು ಸರಾಸರಿ 150 ವ್ಯಾಟ್ ಎಳೆದರೆ 30 ದಿನಕ್ಕೆ 108 ಯೂನಿಟ್. ಅಂಗೈಯಗಲದ ಮಿನಿ ಪಿಸಿ 20 ವ್ಯಾಟಿನಲ್ಲಿ ನಡೆದರೆ 14 ಯೂನಿಟ್ ಚಿಲ್ಲರೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಅಂದರೆ ಹಳೆಯ ಸರ್ವರ್ ಒಂದೇ ಆ ಮಿತಿಯ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಫ್ಯಾನಿನ ಸದ್ದು ಬೇರೆ; ಹೆಂಚಿನ ಮನೆಯಲ್ಲಿ ಮೂರು ಕೋಣೆ ದಾಟಿ ಕೇಳಿಸುತ್ತದೆ.

ಹಂತ 2: ಇನ್ವರ್ಟರ್ ಮತ್ತು ಯುಪಿಎಸ್, ಎರಡೂ ಬೇಕು

ಮನೆಯಲ್ಲಿ ಇನ್ವರ್ಟರ್ ಇದೆ, ಯುಪಿಎಸ್ ಯಾಕೆ ಎನ್ನುವವರಿದ್ದಾರೆ. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಅರ್ಧವಷ್ಟೇ ಕೈಗೆ ಸಿಗುತ್ತದೆಂದು ಹಿಡಿಯೋಣ: 900. ಮಿನಿ ಪಿಸಿ, ರೂಟರ್, ನೆಟ್‌ವರ್ಕ್ ಸ್ವಿಚ್ ಸೇರಿ 35 ವ್ಯಾಟ್, ಇನ್ವರ್ಟರ್ ತನಗೇ ಬಳಸಿಕೊಳ್ಳುವುದು 25 ಎಂದರೆ 15 ಗಂಟೆ. ದೀಪ, ಫ್ಯಾನು, ಟಿ.ವಿ. ಸೇರಿದರೆ ಇನ್ನೂ ಕಡಿಮೆ.

ಆ ಹೊತ್ತು ಮುಗಿದಾಗ ಇನ್ವರ್ಟರ್ ಕಂಪ್ಯೂಟರಿಗೆ ಹೇಳದೆಯೇ ಕೈಬಿಡುತ್ತದೆ. ಆಗ ನೆರವಿಗೆ ಬರುವುದು ಯುಎಸ್‌ಬಿ ಪೋರ್ಟ್ ಇರುವ ಸಣ್ಣ ಲೈನ್-ಇಂಟರ‍್ಯಾಕ್ಟಿವ್ ಯುಪಿಎಸ್. ಇನ್ವರ್ಟರ್ ಲೈನಿಗೆ ಯುಪಿಎಸ್, ಯುಪಿಎಸ್‌ಗೆ ಲ್ಯಾಬ್ ಜೋಡಿಸಿ. ಇನ್ವರ್ಟರ್ ಗಂಟೆಗಟ್ಟಲೆ ಕಾಯುತ್ತದೆ. ಕೊನೆಯ ಹತ್ತು ನಿಮಿಷ ಯುಪಿಎಸ್‌ನದು. ಅಷ್ಟರಲ್ಲಿ ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’ ಎಂಬ ಉಚಿತ ತಂತ್ರಾಂಶ ಎಲ್ಲವನ್ನೂ ಕ್ರಮವಾಗಿ ಮುಚ್ಚುತ್ತದೆ. ಇನ್ವರ್ಟರ್ ಪ್ಯೂರ್ ಸೈನ್‌ವೇವ್ ಆಗಿರಲಿ. ಇಲ್ಲವಾದರೆ ಕೆಲವು ಯುಪಿಎಸ್‌ಗಳು ಅದರ ಕರೆಂಟನ್ನು ಒಪ್ಪುವುದೇ ಇಲ್ಲ.

ಹಂತ 3: ರ‍್ಯಾಮ್‌ಗೆ ಜಿಪುಣತನ ಬೇಡ

ಪ್ರೊಸೆಸರಿನ ಕೋರ್‌ಗಳನ್ನು ಹಲವು ಯಂತ್ರಗಳು ಸರದಿಯಲ್ಲಿ ಹಂಚಿಕೊಳ್ಳುತ್ತವೆ. ರ‍್ಯಾಮ್ ಹಾಗಲ್ಲ, ಒಬ್ಬರು ಹಿಡಿದ ಜಾಗ ಇನ್ನೊಬ್ಬರಿಗೆ ಸುಲಭಕ್ಕೆ ಸಿಗದು. ಹಾಗಾಗಿ ಏನೇನು ನಡೆಸಬೇಕೆಂದು ಮೊದಲೇ ಬರೆದುಕೊಂಡು ಕೂಡಿಸಿ. ಉದಾಹರಣೆಗೆ:

• ಕುಬರ್ನೆಟಿಸ್ ಕಲಿಯಲು ಮೂರು ಲಿನಕ್ಸ್ ಯಂತ್ರ, ತಲಾ 4 ಜಿಬಿ: 12
• ವಿಂಡೋಸ್ ಸರ್ವರ್: 4
• ವಿಂಡೋಸ್ 11: 4
• ಫೈರ್‌ವಾಲ್: 2
• ಮೂಲ ಯಂತ್ರದ ಖರ್ಚಿಗೆ: 4

ಒಟ್ಟು 26. ಕೊಳ್ಳಬೇಕಾದದ್ದು 32 ಜಿಬಿ. 2025ರ ಕೊನೆಯಿಂದ ರ‍್ಯಾಮ್ ದುಬಾರಿಯಾಗಿದೆ. ಬಿಡಿಯಾಗಿ ಹಾಕಿಸುವುದಕ್ಕಿಂತ ಮೊದಲೇ 32 ಜಿಬಿ ಇರುವ ಸೆಕೆಂಡ್ ಹ್ಯಾಂಡ್ ಯಂತ್ರವೇ ಅಗ್ಗವಾಗಬಹುದು, ಎರಡೂ ದರ ಕೇಳಿ. 16 ಜಿಬಿಯದ್ದನ್ನೇ ಕೊಳ್ಳುವುದಾದರೆ ಒಂದೇ ಕಡ್ಡಿಯಲ್ಲಿರಲಿ, ಇನ್ನೊಂದು ಸ್ಲಾಟ್ ಮುಂದಕ್ಕೆ ಉಳಿಯುತ್ತದೆ.

ಹಂತ 4: ಡಿಸ್ಕ್

ಐದಾರು ಯಂತ್ರಗಳು ಒಟ್ಟಿಗೇ ಓದಿ ಬರೆಯುವಾಗ ತಿರುಗುವ ಹಾರ್ಡ್ ಡಿಸ್ಕ್ ಏದುಸಿರು ಬಿಡುತ್ತದೆ. 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಇರಲಿ. ಅದರ ವಿವರಪಟ್ಟಿಯಲ್ಲಿ ನಮೂದಿಸಿರುವ ಟಿಬಿಡಬ್ಲ್ಯು, ಅಂದರೆ ಎಷ್ಟು ಟೆರಾಬೈಟ್ ಬರೆಯುವವರೆಗೆ ಕಂಪನಿಯ ಭರವಸೆ ಎಂಬುದನ್ನು ಹೋಲಿಸಿ ನೋಡಿ. ಹಳೆಯ ಹಾರ್ಡ್ ಡಿಸ್ಕನ್ನು ಎಸೆಯದೆ ಬ್ಯಾಕಪ್ಪಿಗೆ ಇಟ್ಟುಕೊಳ್ಳಿ. ಅದು ಲ್ಯಾಬಿಗೆ ಸದಾ ಜೋಡಿಸಿರಬಾರದು. ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಹಂತ 5: ಈಗ ಪ್ರೊಸೆಸರ್

ವರ್ಚುವಲೈಸೇಶನ್‌ಗೆ ಬೇಕಾದ ಸವಲತ್ತನ್ನು ಚಿಪ್ಪಿನೊಳಗೇ ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ತಂದವು. ಹಾಗಾಗಿ ಇತ್ತೀಚಿನ ಯಾವ ಕಚೇರಿ ಯಂತ್ರವೂ ಆದೀತು. ಆದರೂ ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಕ್ಕೆ ಹೋಗಬೇಡಿ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಅಲ್ಲಿಂದೀಚೆಗಿನವನ್ನು. ಆ ತಲೆಮಾರಿನ ಐ5-8500ಟಿ ಚಿಪ್ಪಿನಲ್ಲಿ 6 ಕೋರ್‌ಗಳಿದ್ದು, ವಿದ್ಯುತ್ ಅಂದಾಜು 35 ವ್ಯಾಟ್. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಲೆನೊವೊ ಥಿಂಕ್‌ಸೆಂಟರ್ ಟೈನಿ ಮಾದರಿಗಳು ಈ ವರ್ಗದವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕಬಹುದು.

ನೀವು ಬೆಂಗಳೂರಿನಲ್ಲಿದ್ದು ಲ್ಯಾಬ್ ಊರಿನಲ್ಲಿರುವುದಾದರೆ ವಿ-ಪ್ರೊ ಸೌಲಭ್ಯವಿರುವ ಯಂತ್ರ ಕೇಳಿ. ಹೊಂದಿಸಿಟ್ಟರೆ ದೂರದಿಂದಲೇ ಆನ್ ಮಾಡಬಹುದು. ಬಟನ್ ಒತ್ತಲು ಅಜ್ಜನನ್ನು ಫೋನಿನಲ್ಲಿ ಕಾಡುವುದು ತಪ್ಪುತ್ತದೆ.

ಹಂತ 6: ನೆಟ್‌ವರ್ಕ್ ಮತ್ತು ತಂತ್ರಾಂಶ

ಒಂದು 8 ಪೋರ್ಟಿನ ಮ್ಯಾನೇಜ್ಡ್ ಸ್ವಿಚ್ ಸಾಕು. ವಿಎಲ್ಯಾನ್ ಬಳಸಿ ಒಂದೇ ಕೇಬಲ್ಲಿನಲ್ಲಿ ಹಲವು ನೆಟ್‌ವರ್ಕ್ ಬೇರ್ಪಡಿಸಬಹುದು. ಪ್ರಯೋಗದ ಯಂತ್ರಗಳು ಮನೆಯವರ ವೈಫೈಗೆ ತಾಗದಂತಿರುವುದೂ ಇದರಿಂದಲೇ.

ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರಾಂಶಗಳಲ್ಲಿ ಡೆಬಿಯನ್ ಲಿನಕ್ಸ್ ಆಧಾರದ ಪ್ರಾಕ್ಸ್‌ಮಾಕ್ಸ್ ಉಚಿತ, ಕಲಿಯುವವರಿಗೆ ಒಳ್ಳೆಯ ಆಯ್ಕೆ. ವಿಎಂವೇರ್ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿ 2024ರಲ್ಲಿ ನಿಂತು 2025ರಲ್ಲಿ ಮರಳಿತು. ಅದೇ ಬೇಕೆನ್ನುವವರು ಯಂತ್ರದಲ್ಲಿ ಇಂಟೆಲ್ ನೆಟ್‌ವರ್ಕ್ ಚಿಪ್ ಇದೆಯೇ ನೋಡಿಕೊಳ್ಳಿ. 7ನೇ ಆವೃತ್ತಿಯಿಂದ ರಿಯಲ್‌ಟೆಕ್ ಚಿಪ್ಪಿನ ಯಂತ್ರಗಳು ಅದರಲ್ಲಿ ತೊಂದರೆ ಕೊಡುತ್ತವೆ. ವಿಂಡೋಸ್‌ನ ಹೈಪರ್-ವಿ ಬೇಕಾದರೆ ಪ್ರೊ ಆವೃತ್ತಿ ಇರಬೇಕು, ಹೋಮ್‌ನಲ್ಲಿ ಅದಿಲ್ಲ.

ಹಂತ 7: ಸಿಡಿಲು ಮತ್ತು ತೇವ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗುತ್ತದೆ, ನೀರು ಹೊಯ್ಯಿರಿ. ಸ್ವಿಚ್ ಆರಿಸಿದರೆ ಸಾಲದು, ಗುಡುಗು ಹತ್ತಿರ ಬರುವ ಮುನ್ನವೇ ಪ್ಲಗ್ ಕೀಳಬೇಕು. ಫೈಬರ್ ತಂತಿಯಲ್ಲಿ ವಿದ್ಯುತ್ ಹರಿಯದು, ಆದರೆ ರೂಟರಿನ ಅಡಾಪ್ಟರ್ ಮೂಲಕ ಬಂದ ಹೊಡೆತ ಲ್ಯಾನ್ ಕೇಬಲ್ ಹಿಡಿದು ಲ್ಯಾಬಿಗೂ ತಲುಪುತ್ತದೆ.

ಮಳೆಗಾಲದಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುವ ಊರು ನಮ್ಮದು. ಯಂತ್ರವನ್ನು ಹೊರಗೋಡೆಗೆ ತಾಗಿಸದೆ, ನೆಲದಿಂದ ಮೇಲೆ ಇಡಿ. ಓಡುತ್ತಿರುವ ಯಂತ್ರ ತನ್ನ ಬಿಸಿಯಿಂದಲೇ ಒಣಗಿರುತ್ತದೆ. ಕೆಡುವುದು ವಾರಗಟ್ಟಲೆ ಆರಿಸಿಟ್ಟದ್ದು. ಬಿಡಿಭಾಗಗಳನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿಡಿ. ಕೊಡಗಿನ ತಂಪಿನಲ್ಲಿ ಎ.ಸಿ. ಬೇಕಿಲ್ಲ ಎಂಬುದು ಲಾಭ.

ಅಂಗಡಿಯಲ್ಲೇ ಪರೀಕ್ಷಿಸಿ

• ಬಯೋಸ್ ತೆರೆದು ನೋಡಿ. ಪಾಸ್‌ವರ್ಡ್ ಕೇಳಿದರೆ ಕೊಳ್ಳಬೇಡಿ.
• ಅಲ್ಲೇ ಇಂಟೆಲ್‌ನ ವರ್ಚುವಲೈಸೇಶನ್ ಆಯ್ಕೆಗಳಾದ ವಿಟಿ-ಎಕ್ಸ್, ವಿಟಿ-ಡಿ ಎರಡನ್ನೂ ಆನ್ ಮಾಡಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ವರ್ಚುವಲೈಸೇಶನ್: ಎನೇಬಲ್ಡ್’ ಎಂದಿರಬೇಕು.
• ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ, ಎಷ್ಟು ಸವೆದಿದೆ ಎಂದು ಓದಿ.
• ಮೆಮ್‌ಟೆಸ್ಟ್‌ನಿಂದ ರ‍್ಯಾಮನ್ನು ಒಂದು ಸುತ್ತು ಪೂರ್ತಿ ಪರೀಕ್ಷಿಸಿ.
• ಅದೇ ಕಂಪನಿಯ ಅಡಾಪ್ಟರ್, ಬಿಲ್, ವಾರಂಟಿ ಚೀಟಿ ಪಡೆಯಿರಿ.

ಮನೆಗೆ ತಂದು ಜೋಡಿಸಿದ ಮೇಲೆ ಬಯೋಸ್‌ನಲ್ಲಿ ‘ಕರೆಂಟ್ ಬಂದೊಡನೆ ಆನ್ ಆಗು’ ಎಂಬ ಆಯ್ಕೆ ಕೊಡಿ. ಆಮೇಲೊಂದು ಕೊನೆಯ ಪರೀಕ್ಷೆ. ಮುಖ್ಯವಾದದ್ದೇನೂ ಒಳಗಿಲ್ಲದ ದಿನ ಮೇನ್ ಸ್ವಿಚ್ ಇಳಿಸಿ, ಇನ್ವರ್ಟರನ್ನೂ ಆರಿಸಿ, ಸುಮ್ಮನೆ ಕುಳಿತು ನೋಡಿ. ಎಲ್ಲ ಯಂತ್ರಗಳೂ ತಾವಾಗಿ ಮುಚ್ಚಿಕೊಂಡು, ಕರೆಂಟ್ ಬಂದಾಗ ತಾವಾಗಿ ಎದ್ದರೆ ನಿಮ್ಮ ಲ್ಯಾಬ್ ಮಳೆಗಾಲಕ್ಕೆ ಸಿದ್ಧ. ಈ ಪರೀಕ್ಷೆಯನ್ನು ಮೇ ತಿಂಗಳೊಳಗೆ ಮುಗಿಸಿಬಿಡಿ.