ಪಾಠ: ಫೈಲಿನ ಜೊತೆ ಒಂದು ವಹಿ

ಅಕ್ಕಾ, ನಿಮಗೆ ಕ್ಯಾನ್ಸರ್ ಚಿಕಿತ್ಸೆ ನಡೆದಿದೆ ಎಂದು ತಿಳಿಯಿರಿ. ಇಂದು ಸಿಟಿ ಸ್ಕ್ಯಾನ್ ಇದೆ. ಆಮೇಲೆ ಕೀಮೊ ಸಲೈನ್.

ಆಜರಾದಿಂದ ನಸುಕಿನ ಎಸ್.ಟಿ. ಹತ್ತಿದಿರಿ. ಗಡಹಿಂಗ್ಲಜ ದಾಟಿ ಕೊಲ್ಲಾಪುರಕ್ಕೆ ಬಂದಿರಿ. ಹೊಟ್ಟೆ ಖಾಲಿ ಇದೆ. ಸ್ಕ್ಯಾನಿಗೆ ಮೊದಲು ಕೆಲವು ತಾಸು ತಿನ್ನಬಾರದು ಎಂದಿದ್ದರು.

ಚೀಲದಲ್ಲಿ ಫೈಲು, ರೇಶನ್ ಕಾರ್ಡು, ಆಧಾರ ಕಾರ್ಡು ಇವೆ. ಮಹಾತ್ಮಾ ಜೋತಿರಾವ ಫುಲೆ ಯೋಜನೆಗೆ ಇವು ಬೇಕು. ಯೋಜನೆ ಇರುವ ದವಾಖಾನೆಯಲ್ಲಿ ಆರೋಗ್ಯಮಿತ್ರ ಇರುತ್ತಾರೆ. ಸಂಕೋಚ ಬಿಟ್ಟು ಕೇಳಿರಿ.

ಮೊದಲು ರಕ್ತ ತಪಾಸಣೆ. ಬಿಳಿ ಕಣ ಬಹಳ ಕಡಿಮೆ ಇದ್ದರೆ ಕೀಮೊ ಮುಂದೆ ಹೋಗಬಹುದು. ಅದಕ್ಕೆ ಎದೆಗುಂದಬೇಡಿ.

ಸ್ಕ್ಯಾನ್ ಕೋಣೆಯಲ್ಲಿ ತಾಳಿ ತೆಗೆಯಲು ಮನಸ್ಸು ಬರುವುದಿಲ್ಲ. “ತೆಗೀರಿ ಅಕ್ಕಾ, ಲೋಹ ಇದ್ದರ ಫೋಟೊ ಸರಿ ಬರೂದಿಲ್ಲ” ಎನ್ನುತ್ತಾರೆ ನರ್ಸ್. ಜೊತೆಗೆ ಬಂದವರ ಕೈಗೆ ಕೊಡಿರಿ. ಸೂಜಿಯಿಂದ ಔಷಧ ಹೋದಾಗ ಮೈ ಬಿಸಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಯಂತ್ರ ನೋಯಿಸುವುದಿಲ್ಲ. ಮರಾಠಿಯಲ್ಲಿ “ಶ್ವಾಸ ರೋಖಾ” ಎಂದರೆ ಉಸಿರು ಹಿಡಿಯಿರಿ.

ಸಲೈನ್ ಇಳಿಯಲು ಕೆಲವು ತಾಸು ಬೇಕು. ಕೈ ಉರಿದರೆ ಸುಮ್ಮನಿರಬೇಡಿ. ಕೂಡಲೇ ನರ್ಸಿಗೆ ಹೇಳಿರಿ.

ಕೀಮೊ ಆದ ಮೇಲೆ ಬಿಳಿ ಕಣ ಇಳಿಯುತ್ತವೆ. ಆಗ ಸಣ್ಣ ಸೋಂಕೂ ಜೀವಕ್ಕೆ ಅಪಾಯ. ಮನೆಯಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಿನ ತನಕ ಕಾಯಬೇಡಿ. ರಾತ್ರಿಯೇ ದವಾಖಾನೆಗೆ ಹೋಗಿರಿ.

ಫೈಲು ಡಾಕ್ಟರು ಬರೆಯುವುದು. ವಹಿ ನೀವು ಬರೆಯುವುದು. ಈಗ ನಿಮಗೆ ಅಕ್ಷರ ಬರುತ್ತದೆಯಲ್ಲ!

ನಿಮ್ಮ ವಹಿಯಲ್ಲಿ ಬರೆಯಿರಿ:
1. ಮುಂದಿನ ತಾರೀಖು ಯಾವುದು?
2. ಜ್ವರ ಎಷ್ಟು? ಯಾವಾಗ ಬಂತು?
3. ದವಾಖಾನೆಯ ಫೋನ್ ನಂಬರು ಏನು?
4. ಡಾಕ್ಟರರಿಗೆ ಏನು ಕೇಳಬೇಕು?