ಕೈಗುಣಕ್ಕೂ ಲೆಕ್ಕವಿದೆ: ತೂಕ ಇಳಿಸುವ ಆಪರೇಷನ್‌ಗೆ ಸರ್ಜನ್ ಆಯ್ಕೆ ಹೇಗೆ?

ಕಳೆದ ವರ್ಷ ಅಕ್ಕನ ಫೈಲು ಹಿಡಿದು ಬೆಂಗಳೂರಿನ ಮೂರು ಆಸ್ಪತ್ರೆ ಸುತ್ತಿದೆ. ಮೊದಲನೆಯದರಲ್ಲಿ ಸರ್ಜನ್ ಮುಖ ನೋಡುವ ಮೊದಲೇ ಕೌನ್ಸೆಲರ್ ಒಬ್ಬರು ಇಎಂಐ ಲೆಕ್ಕ ಹಾಕಿಕೊಟ್ಟರು. ‘ಈ ತಿಂಗಳೊಳಗೆ ಬುಕ್ ಮಾಡಿದ್ರೆ ಡಿಸ್ಕೌಂಟ್ ಇದೆ ಮೇಡಂ’ ಎಂದರು. ಎರಡನೆಯ ಕಡೆ ಸರ್ಜನ್ ಐದೇ ನಿಮಿಷ ಮಾತಾಡಿ ‘ಸ್ಲೀವ್ ಮಾಡಿಬಿಡೋಣ’ ಎಂದು ಮುಗಿಸಿದರು. ಮೂರನೆಯವರು ಫೈಲು ಬದಿಗಿಟ್ಟು ಕೇಳಿದ್ದೇ ಬೇರೆ: ‘ಎದೆಯುರಿ ಬರುತ್ತಾ? ಮನೇಲಿ ಮುದ್ದೆನಾ, ಅನ್ನನಾ? ಮುದ್ದೆ ಅಗೀತೀರೋ ನುಂಗ್ತೀರೋ?’

ಅಕ್ಕ ನಕ್ಕಳು. ಮುದ್ದೆ ಅಗಿಯೋರುಂಟೆ? ‘ನಗಬೇಡಿ. ಆಮೇಲೆ ಪ್ರತಿ ತುತ್ತೂ ಅಗಿದೇ ಒಳಗೆ ಹೋಗಬೇಕು. ಅದಕ್ಕೇ ಕೇಳಿದೆ’ ಎಂದರು ಅವರು.

ಆಪರೇಷನ್ ವಿಷಯ ಬಂದರೆ ನಾವು ಕೇಳುವುದು ‘ಡಾಕ್ಟರ ಕೈಗುಣ ಹೇಗೆ?’ ಅಂತ. ಆ ಪ್ರಶ್ನೆ ತಪ್ಪಲ್ಲ, ಉತ್ತರ ಪಡೆಯುವ ದಾರಿ ತಪ್ಪು. ಕೈಗುಣವನ್ನೂ ಅಳೆಯಬಹುದು ಎಂದು ತೋರಿಸಿದ ಅಧ್ಯಯನವೊಂದು 2013ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಅಮೆರಿಕದ ಮಿಷಿಗನ್ ರಾಜ್ಯದ 20 ಬೇರಿಯಾಟ್ರಿಕ್ (ತೂಕ ಇಳಿಸುವ ಆಪರೇಷನ್ ಮಾಡುವ) ಸರ್ಜನ್‌ಗಳು ತಾವು ಮಾಡಿದ ಜಠರದ ಬೈಪಾಸ್‌ನ ಒಂದೊಂದು ವಿಡಿಯೊ ಕೊಟ್ಟರು. ಯಾರದೆಂದು ಹೇಳದೆ ಅವನ್ನು ಬೇರೆ ಸರ್ಜನ್‌ಗಳಿಗೆ ತೋರಿಸಿ ಅಂಕ ಹಾಕಿಸಲಾಯಿತು. ಅತಿ ಕಡಿಮೆ ಅಂಕ ಬಂದ ಕಾಲುಭಾಗದವರ ರೋಗಿಗಳಲ್ಲಿ ಶೇ 14.5 ಮಂದಿಗೆ ತೊಡಕು ಕಾಣಿಸಿಕೊಂಡಿತ್ತು. ಅತಿ ಹೆಚ್ಚು ಅಂಕದವರಲ್ಲಿ ಅದು ಶೇ 5.2 ಮಾತ್ರ.

ಅಂಥ ವಿಡಿಯೊ ನಮಗೆ ಸಿಗದು, ಸಿಕ್ಕರೂ ಅರ್ಥವಾಗದು. ಆದರೆ ಕೇಳಿ ತಿಳಿಯಬಹುದಾದದ್ದು ಬೇಕಾದಷ್ಟಿದೆ.

1. ನಿಮಗೆ ಬೇಕಿರುವುದು ಇದೇ ಆಪರೇಷನ್ನಾ?

ಹೊಟ್ಟೆಯ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಬೇರೆ, ಬೇರಿಯಾಟ್ರಿಕ್ ಸರ್ಜರಿ ಬೇರೆ. ಮೊದಲನೆಯದು ಅಂದಕ್ಕಾಗಿ, ಪ್ಲಾಸ್ಟಿಕ್ ಸರ್ಜನ್ ಮಾಡುವಂಥದ್ದು. ಎರಡನೆಯದು ಜಠರ ಮತ್ತು ಕರುಳಿನ ಮೇಲೆ ಮಾಡುವ ದೊಡ್ಡ ಆಪರೇಷನ್. ತೂಕದ ಜೊತೆಗೆ ಶುಗರ್, ಬಿಪಿ, ಗೊರಕೆಯ ನಡುವೆ ಉಸಿರು ಕಟ್ಟುವ (ಸ್ಲೀಪ್ ಆಪ್ನಿಯಾ) ತೊಂದರೆಗಳೂ ಇದರಿಂದ ಹತೋಟಿಗೆ ಬರಬಹುದು.

ಯಾರಿಗೆ ಬೇಕು ಎಂಬುದಕ್ಕೆ ಬಿಎಂಐ ಮೊದಲ ಅಳತೆ. ಕೆಜಿಯಲ್ಲಿನ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. ಅಕ್ಕನ ಎತ್ತರ 158 ಸೆಂ.ಮೀ., ತೂಕ 92 ಕೆಜಿ. ಬಿಎಂಐ ಸುಮಾರು 37. ಅಮೆರಿಕದ ಹಾಗೂ ಅಂತರರಾಷ್ಟ್ರೀಯ ಬೇರಿಯಾಟ್ರಿಕ್ ಸರ್ಜನ್‌ಗಳ ಸಂಘಗಳು 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ, ಬಿಎಂಐ 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಆಪರೇಷನ್ ಸೂಚಿಸಬಹುದು. 30ರಿಂದ 35ರ ನಡುವಿನವರಿಗೆ ಮಧುಮೇಹದಂಥ ಕಾಯಿಲೆ ಇದ್ದರೆ ಪರಿಗಣಿಸಬಹುದು. ಏಷ್ಯಾದವರಿಗೆ ಕಡಿಮೆ ತೂಕಕ್ಕೇ ಶುಗರ್ ಅಂಟಿಕೊಳ್ಳುವುದರಿಂದ ನಮಗೆ ಆಪರೇಷನ್ ಸೂಚಿಸುವ ಗಡಿ 27.5ಕ್ಕೇ ಶುರುವಾಗುತ್ತದೆ.

ಗಡಿಯೊಳಗೆ ಬಂದ ಮಾತ್ರಕ್ಕೆ ಆಪರೇಷನ್ ಆಗಲೇಬೇಕು ಅಂತಲ್ಲ. ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂಥ ತೂಕ ಇಳಿಸುವ ಇಂಜೆಕ್ಷನ್‌ಗಳು ಈಗ ಭಾರತದಲ್ಲೂ ಸಿಗುತ್ತವೆ. ಅವುಗಳ ಮಾತೇ ಎತ್ತದ ಸರ್ಜನ್ ಅರ್ಧ ವಿಷಯ ಮಾತ್ರ ಹೇಳಿದಂತೆ.

2. ಹೆಸರಿನ ಮುಂದಿನ ಅಕ್ಷರಗಳನ್ನು ಓದಿ

ಎಂಬಿಬಿಎಸ್ ಆದ ಮೇಲೆ ಜನರಲ್ ಸರ್ಜರಿಯಲ್ಲಿ ಎಂಎಸ್ ಅಥವಾ ಡಿಎನ್‌ಬಿ ಇರಲೇಬೇಕು. ಅದರ ಮುಂದೆ ಬರುವ ‘ಎಫ್’ ಅಕ್ಷರದ ಫೆಲೋಶಿಪ್‌ಗಳನ್ನು ಕಂಡು ಮರುಳಾಗಬೇಡಿ. ಕೆಲವು ನಾಲ್ಕಾರು ದಿನದ ಕೋರ್ಸು, ಕೆಲವು ಎರಡು ವರ್ಷ ಆಪರೇಷನ್ ಥಿಯೇಟರಿನಲ್ಲಿ ನಿಂತು ಕಲಿತದ್ದು. ‘ಬೇರಿಯಾಟ್ರಿಕ್ ತರಬೇತಿ ಎಲ್ಲಿ, ಎಷ್ಟು ಕಾಲ ಆಯ್ತು ಡಾಕ್ಟ್ರೇ?’ ಎಂದು ಕೇಳುವುದರಲ್ಲಿ ಅಗೌರವವೇನಿಲ್ಲ.

ರಿಜಿಸ್ಟ್ರೇಷನ್ ಸಂಖ್ಯೆಯನ್ನು ಚೀಟಿ ಮತ್ತು ರಸೀದಿಯಲ್ಲಿ ನಮೂದಿಸಬೇಕೆಂದು ವೈದ್ಯರ 2002ರ ನೀತಿ ಸಂಹಿತೆ ಹೇಳುತ್ತದೆ. ಅದನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾಳೆ ನೋಡಿ. ಆಸ್ಪತ್ರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂಬುದನ್ನೂ ವಿಚಾರಿಸಿ. ‘ಮೊದಲು–ನಂತರ’ ಫೋಟೊ ಜಾಹೀರಾತು ಅರ್ಹತೆಯಲ್ಲ. ದಪ್ಪ ಇದ್ದವರು ತೆಳ್ಳಗಾದದ್ದನ್ನು ಅದು ತೋರಿಸುತ್ತದೆ, ಐಸಿಯುಗೆ ಮರಳಿದವರನ್ನು ತೋರಿಸುವುದಿಲ್ಲ.

3. ಲೆಕ್ಕ ಕೇಳಿ

‘ಎಷ್ಟು ಕೆಜಿ ಇಳೀತೀನಿ?’ ಎಂದು ಎಲ್ಲರೂ ಕೇಳುತ್ತಾರೆ. ನೀವು ಹೀಗೆ ಕೇಳಿ: ಈ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ? ಎಷ್ಟು ಮಂದಿಗೆ ಹೊಲಿಗೆ ಸೋರಿದೆ, ರಕ್ತಸ್ರಾವವಾಗಿದೆ, ಎಷ್ಟು ಮಂದಿಯನ್ನು ಮತ್ತೆ ಥಿಯೇಟರಿಗೆ ಒಯ್ಯಬೇಕಾಯಿತು? ಐದು ವರ್ಷ ಆದವರಲ್ಲಿ ಎಷ್ಟು ಮಂದಿ ಈಗಲೂ ನಿಮ್ಮಲ್ಲಿಗೆ ಬರುತ್ತಾರೆ?

ಅಮೆರಿಕದಲ್ಲಿ ಸಮಗ್ರ ಬೇರಿಯಾಟ್ರಿಕ್ ಕೇಂದ್ರವೆಂಬ ಮಾನ್ಯತೆಗೆ ವರ್ಷಕ್ಕೆ ಕನಿಷ್ಠ 50 ಆಪರೇಷನ್‌ಗಳನ್ನು ಕೇಳುತ್ತಾರೆ. ಅದನ್ನು ಅಂದಾಜಿಗೆ ಇಟ್ಟುಕೊಳ್ಳಿ. ವರ್ಷಕ್ಕೆ ಐದಾರು ಮಾಡುವವರಾದರೆ ಇನ್ನೊಬ್ಬರನ್ನೂ ನೋಡಿ. ‘ನನ್ನಲ್ಲಿ ಒಂದೂ ತೊಡಕಾಗಿಲ್ಲ’ ಎನ್ನುವವರು ಒಂದೋ ಕಡಿಮೆ ಮಾಡಿದ್ದಾರೆ, ಇಲ್ಲವೇ ಲೆಕ್ಕ ಇಟ್ಟಿಲ್ಲ. ‘ಮೂರು ಸೋರಿಕೆ ಆಗಿದೆ, ಇಬ್ಬರಿಗೆ ಸ್ಟೆಂಟ್ ಹಾಕಿದ್ವಿ, ಒಬ್ಬರಿಗೆ ಮತ್ತೆ ಆಪರೇಷನ್ ಮಾಡಿದ್ವಿ’ ಎಂದು ಬಿಡಿಸಿ ಹೇಳುವವರ ಎದುರು ಧೈರ್ಯವಾಗಿ ಕೂರಬಹುದು.

4. ಯಾವ ಆಪರೇಷನ್, ನನಗೇ ಯಾಕೆ?

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಾಕಾರದ ಕೊಳವೆ ಮಾಡುತ್ತಾರೆ. ತೆಗೆದದ್ದನ್ನು ಮತ್ತೆ ಜೋಡಿಸಲಾಗದು. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗವನ್ನು ಚಿಕ್ಕ ಚೀಲ ಮಾಡಿ ಸಣ್ಣಕರುಳಿಗೆ ಸೇರಿಸುತ್ತಾರೆ.

ಮೂರನೆಯ ಸರ್ಜನ್ ಅಕ್ಕನ ಎದೆಯುರಿಯ ಬಗ್ಗೆ ಕೇಳಿದ್ದಕ್ಕೆ ಕಾರಣವಿದೆ. ಸ್ಲೀವ್ ಆದ ಮೇಲೆ ಹುಳಿತೇಗು, ಎದೆಯುರಿ ಹೆಚ್ಚಾಗಬಹುದು. ಮೊದಲೇ ಜೋರಾಗಿದ್ದವರಿಗೆ ಬೈಪಾಸ್ ಒಳ್ಳೆಯದಾಗಬಹುದು. ಬಹುಕಾಲದ ಶುಗರ್ ಇರುವವರಿಗೂ ಅದನ್ನೇ ಸೂಚಿಸುವುದುಂಟು. ಬೈಪಾಸ್‌ನಲ್ಲಿ ಬೇರೆ ಕಷ್ಟಗಳಿವೆ: ಸಿಹಿ ತಿಂದರೆ ಬೆವರು, ಎದೆಬಡಿತ, ತಲೆಸುತ್ತು ಬರಬಹುದು. ಹಬ್ಬದ ಒಂದು ಒಬ್ಬಟ್ಟೂ ಭಾರಿಯಾಗಬಹುದು. ಎಂಡೋಸ್ಕೋಪಿ ನೋಡದೆ, ಎದೆಯುರಿ ಕೇಳದೆ, ಬಂದವರಿಗೆಲ್ಲ ಒಂದೇ ಆಪರೇಷನ್ ಹೇಳುವವರಾದರೆ ಎದ್ದು ಬನ್ನಿ. ಮಕ್ಕಳಾಗುವ ಯೋಚನೆ ಇದ್ದರೆ ಮೊದಲೇ ಹೇಳಿ. ಆಪರೇಷನ್ ಆಗಿ ಒಂದು–ಒಂದೂವರೆ ವರ್ಷ ಕಾಯಲು ಹೇಳುತ್ತಾರೆ.

5. ರಾತ್ರಿ ಎರಡು ಗಂಟೆಗೆ ಯಾರು?

ಆಪರೇಷನ್ ಒಂದೆರಡು ಗಂಟೆಯ ಕೆಲಸ. ಸೋರಿಕೆ ಕೆಲವೊಮ್ಮೆ ಡಿಸ್ಚಾರ್ಜ್ ಆಗಿ ಮನೆ ಸೇರಿದ ಮೇಲೆ ಗೊತ್ತಾಗುತ್ತದೆ. ಜ್ವರ, ಹೆಚ್ಚುತ್ತಲೇ ಇರುವ ಹೊಟ್ಟೆನೋವು, ಎಡಭುಜದ ನೋವು, ಉಸಿರಾಟದ ಕಷ್ಟ, ಮಲಗಿದ್ದಾಗಲೂ ನಿಮಿಷಕ್ಕೆ 120 ದಾಟುವ ನಾಡಿಬಡಿತ, ಇವು ಬೆಳಗಿನವರೆಗೆ ಕಾಯುವ ಲಕ್ಷಣಗಳಲ್ಲ. ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಮೊದಲ ವಾರಗಳಲ್ಲೇ ಹೆಚ್ಚು.

ಆದ್ದರಿಂದ ಆಸ್ಪತ್ರೆಯಲ್ಲಿ ದಿನದ 24 ಗಂಟೆ ಐಸಿಯು, ಸಿ.ಟಿ. ಸ್ಕ್ಯಾನ್, ದಪ್ಪ ದೇಹದವರಿಗೆ ಅರಿವಳಿಕೆ ಕೊಟ್ಟು ಪಳಗಿದ ತಜ್ಞರು ಇದ್ದಾರೆಯೇ ಕೇಳಿ. ಸರ್ಜನ್ ಊರಿನಲ್ಲಿಲ್ಲದಾಗ ಯಾರು ನೋಡುತ್ತಾರೆ? ಆ ಹೆಸರು, ಫೋನ್ ನಂಬರು ಕೈಗೆ ಬರಬೇಕು.

ರಾಯಚೂರು, ಬೀದರ್‌ನಂಥ ದೂರದೂರಿನಿಂದ ಬಂದವರು ಮೊದಲ ಹತ್ತು ದಿನವಾದರೂ ಆಸ್ಪತ್ರೆಗೆ ಹತ್ತಿರದಲ್ಲೇ ಉಳಿಯುವ ಏರ್ಪಾಡು ಮಾಡಿಕೊಳ್ಳಿ. ಊರಿನ ಡಾಕ್ಟರಿಗೆಂದು ಒಂದು ಪತ್ರವನ್ನೂ ಬರೆಸಿಕೊಳ್ಳಿ. ಸೊಂಟನೋವೆಂದು ಹೋದರೆ ಊರಿನಲ್ಲಿ ಡೈಕ್ಲೊಫೆನಾಕ್ ಇಂಜೆಕ್ಷನ್ ಕೊಟ್ಟುಬಿಡುವುದು ವಾಡಿಕೆ. ಬೈಪಾಸ್ ಆದವರಿಗೆ ಅಂಥ ನೋವಿನ ಔಷಧಿ ಜೋಡಿಸಿದ ಜಾಗದಲ್ಲಿ ಹುಣ್ಣು ತರಬಹುದು. ಬೀಡಿ, ಸಿಗರೇಟೂ ಅಷ್ಟೇ.

6. ಊಟದ ಚೀಟಿ ನೋಡಿ

ಡಯಟೀಷಿಯನ್ ಕೊಟ್ಟ ಚೀಟಿಯೇ ಆಸ್ಪತ್ರೆಯ ಬಗ್ಗೆ ಬಹಳ ಹೇಳುತ್ತದೆ. ಬರೀ ಪ್ರೋಟೀನ್ ಪೌಡರ್, ಬ್ರೊಕೊಲಿ ಸೂಪು ಇದ್ದರೆ ನಿಮ್ಮ ಅಡುಗೆಮನೆಯನ್ನು ಅವರು ಕೇಳಿಯೇ ಇಲ್ಲ ಎಂದರ್ಥ. ಮೊದಲ ಎರಡು ವಾರದ ದ್ರವಾಹಾರಕ್ಕೆ ಬೇಳೆಕಟ್ಟು, ನೀರುಮಜ್ಜಿಗೆ, ಸೋಸಿದ ತಿಳಿಸಾರು. ಆಮೇಲೆ ಮೆತ್ತಗಿನ ಆಹಾರ. ಮುದ್ದೆ, ಚಪಾತಿ ಯಾವಾಗ, ಹೇಗೆ ಎಂದು ಬರೆದಿರಬೇಕು. ದಿನಕ್ಕೆ 60 ಗ್ರಾಂ ಪ್ರೋಟೀನ್ ಸಸ್ಯಾಹಾರಿಗಳಿಗೆ ಹೇಗೆ ಸಿಗುತ್ತದೆ ಎಂದೂ ಕೇಳಿ.

ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪೂರ್ತಿ. ಬಿಡದೆ ವಾಂತಿಯಾದರೆ ಬಿ1 ಕೊರತೆಯಾಗಿ ನರಗಳಿಗೆ ಪೆಟ್ಟು ಬೀಳಬಹುದು. ‘ಆಪರೇಷನ್ ಆದ್ರೆ ಮಾತ್ರೆ ಎಲ್ಲಾ ನಿಂತುಹೋಗುತ್ತೆ’ ಎಂದು ಭರವಸೆ ಕೊಡುವವರ ಮಾತು ಅರ್ಧ ಸತ್ಯ. ಶುಗರ್ ಮಾತ್ರೆ ನಿಲ್ಲಬಹುದು, ವಿಟಮಿನ್ ಮಾತ್ರೆ ನಿಲ್ಲದು.

7. ದುಡ್ಡಿನ ಮಾತು ಬರವಣಿಗೆಯಲ್ಲಿರಲಿ

ಪ್ಯಾಕೇಜಿನಲ್ಲಿ ಜಠರ ಕತ್ತರಿಸಿ ಹೊಲಿಯುವ ಸ್ಟೇಪ್ಲರ್‌ನ ಕಾರ್ಟ್ರಿಜ್ ಸೇರಿದೆಯೇ? ಐಸಿಯು ದಿನ ಹೆಚ್ಚಾದರೆ, ಮತ್ತೆ ಆಪರೇಷನ್ ಬೇಕಾದರೆ ಯಾರ ಖರ್ಚು? ಡಯಟೀಷಿಯನ್ ಭೇಟಿ ಎಷ್ಟು ತಿಂಗಳು ಉಚಿತ?

ವಿಮೆ ನಂಬಿ ಹೊರಟವರು ಎಡವುವುದು ಇಲ್ಲೇ. ವಿಮಾ ನಿಯಂತ್ರಕ ಐಆರ್‌ಡಿಎಐ ರೂಪಿಸಿದ ಷರತ್ತಿನ ಪ್ರಕಾರ ವಯಸ್ಸು 18 ತುಂಬಿರಬೇಕು. ಬಿಎಂಐ 40 ಇರಬೇಕು. ಇಲ್ಲವೇ 35 ಇದ್ದು, ಹೃದ್ರೋಗ, ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಮಧುಮೇಹ ಇವುಗಳಲ್ಲೊಂದಿರಬೇಕು, ಆಪರೇಷನ್ ಇಲ್ಲದ ದಾರಿಗಳು ಫಲ ಕೊಟ್ಟಿರಬಾರದು. ಅಂದರೆ ಡಾಕ್ಟರ ಗಡಿ ಬೇರೆ, ವಿಮೆಯ ಗಡಿ ಬೇರೆ. ಅಕ್ಕನಂತೆ 37 ಇದ್ದು ಬರೀ ಮಂಡಿನೋವಿದ್ದರೆ ಡಾಕ್ಟರು ಸರಿ ಎಂದರೂ ಕಂಪನಿ ಒಪ್ಪದಿರಬಹುದು. ಮುಂಗಡ ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ದಿನಾಂಕ ಗೊತ್ತು ಮಾಡಬೇಡಿ. ಹಳೆಯ ಡಯಟ್ ಚೀಟಿ, ಶುಗರ್ ರಿಪೋರ್ಟು ಯಾವುದನ್ನೂ ಬಿಸಾಡಬೇಡಿ.

8. ಸಹಿಗೆ ಮುಂಚೆ ಒಂದು ರಾತ್ರಿ

ಆಪರೇಷನ್ ಎಂಥದ್ದು, ಬದಲಿ ದಾರಿ ಯಾವುದು, ಅಪಾಯವೇನು ಎಂದು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಕೊಡಿ ಎನ್ನಿ, ಇಲ್ಲವೇ ಓದಿ ಹೇಳಿಸಿಕೊಳ್ಳಿ. ಅದನ್ನು ಮನೆಗೆ ತಂದು ಒಂದು ರಾತ್ರಿ ಇಟ್ಟುಕೊಳ್ಳಿ.

ಇನ್ನೊಬ್ಬರ ಅಭಿಪ್ರಾಯ ಕೇಳುತ್ತೇನೆ ಎಂದಾಗ ಸರ್ಜನ್ ಮುಖ ಹೇಗಾಗುತ್ತದೆ ನೋಡಿ. ಒಳ್ಳೆಯವರು ತಾವೇ ರಿಪೋರ್ಟಿನ ಪ್ರತಿ ಕೊಟ್ಟು ಕಳಿಸುತ್ತಾರೆ. ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು ವೈದ್ಯರ ಅದೇ ನೀತಿ ಸಂಹಿತೆಯಲ್ಲಿದೆ.

ಚೀಟಿಯಲ್ಲಿ ಬರೆದುಕೊಂಡು ಹೋಗಿ

• ವರ್ಷಕ್ಕೆ ಎಷ್ಟು ಆಪರೇಷನ್? ತೊಡಕು ಎಷ್ಟು?
• ನನಗೆ ಇದೇ ಯಾಕೆ, ಇನ್ನೊಂದು ಯಾಕೆ ಬೇಡ?
• ಆಪರೇಷನ್ ನೀವೇ ಮಾಡುತ್ತೀರಾ, ನಿಮ್ಮ ಕೆಳಗಿನವರಾ?
• ರಾತ್ರಿ ತೊಂದರೆಯಾದರೆ ಯಾವ ನಂಬರು?
• ಐದು ವರ್ಷದ ನಂತರ ನನ್ನನ್ನು ಯಾರು ನೋಡುತ್ತಾರೆ?

ಅಕ್ಕ ಮೂರನೆಯವರಲ್ಲೇ ಮಾಡಿಸಿಕೊಂಡಳು. ಹನ್ನೊಂದನೆಯ ದಿನ ರಾತ್ರಿ ಹೊಟ್ಟೆ ಹಿಡಿದುಕೊಂಡಂತಾಗಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ನಂಬರಿಗೆ ಭಾವ ಫೋನ್ ಮಾಡಿದರು. ಎತ್ತಿದವರು ನಾಡಿಬಡಿತ ಎಣಿಸಿ ಹೇಳಿ ಎಂದರು, ಜ್ವರ ಕೇಳಿದರು, ಕೊನೆಗೆ ‘ನೀರು ಹೇಗೆ ಕುಡಿದ್ರಿ?’ ಎಂದರು. ಬಾಯಾರಿಕೆಗೆ ಅಕ್ಕ ಗಟಗಟ ಕುಡಿದುಬಿಟ್ಟಿದ್ದಳು. ಗುಟುಕು ಗುಟುಕಾಗಿ ಕುಡಿಯಬೇಕಿತ್ತು, ಅಷ್ಟೇ. ಅರ್ಧ ಗಂಟೆ ಬಿಟ್ಟು ಆಸ್ಪತ್ರೆಯವರೇ ಮತ್ತೆ ಫೋನ್ ಮಾಡಿ ವಿಚಾರಿಸಿದರು. ಆ ಎರಡನೆಯ ಫೋನು ಯಾವ ಪ್ಯಾಕೇಜಿನ ಪಟ್ಟಿಯಲ್ಲೂ ಇರಲಿಲ್ಲ.